ಅಂಕಣ ಅಂಕಣವಾಗಿ ಬೆಳೆಯುವ ಮರದ ಮನೆ: ಉತ್ತರ ಕನ್ನಡದ ಮಳೆಗೆ ತಕ್ಕ ವಿನ್ಯಾಸ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಿರಿಯರು ಮನೆಯ ವಿಸ್ತಾರವನ್ನು ಚದರ ಅಡಿಯಲ್ಲಿ ಹೇಳುತ್ತಿರಲಿಲ್ಲ. ಎಷ್ಟು ಅಂಕಣದ ಮನೆ ಎಂದು ಕೇಳುತ್ತಿದ್ದರು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಸಂಸಾರ ದೊಡ್ಡದಾದರೆ ಇನ್ನೊಂದು ಅಂಕಣ ಸೇರುತ್ತಿತ್ತು, ಪಾಲಾದರೆ ನಡುವೆ ಗೋಡೆ ಏಳುತ್ತಿತ್ತು, ಮನೆಯನ್ನೇ ಬಿಚ್ಚಿದರೆ ತೊಲೆ, ಕಂಬ, ಬಾಗಿಲುಗಳು ಗಾಡಿಯೇರಿ ಮತ್ತೊಂದು ಮನೆಗೆ ಹೋಗುತ್ತಿದ್ದವು. ಇಂದು ‘ಮಾಡ್ಯುಲರ್’ ಎಂಬ ಹೆಸರಿನಲ್ಲಿ ಬರುತ್ತಿರುವ ನಿರ್ಮಾಣ ವಿಧಾನದ ಮೂಲತತ್ತ್ವವೂ ಇದೇ ಆಗಿರುವುದರಿಂದ, ಈ ಮಾರ್ಗದರ್ಶಿಯಲ್ಲಿ ನಾನು ಹೊಸ ಪದವನ್ನು ಬಿಟ್ಟು ಅಂಕಣ ಎಂಬ ಹಳೆಯ ಪದವನ್ನೇ ಬಳಸುತ್ತೇನೆ.

ಮೂರು ಅಂಕಣದ, ಸುಮಾರು 300 ಚದರ ಅಡಿಯ ಒಂದು ಚಿಕ್ಕ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ಮುಂದೆ ಐದು ಅಂಕಣವಾಗಿ ಬೆಳೆಯಬಲ್ಲದಾಗಿರಬೇಕು, ಒಳಗಿನ ಕೋಣೆಗಳು ಬದಲಾಗಬಲ್ಲವಾಗಿರಬೇಕು, ಬೇಕಾದರೆ ಕಳಚಿ ಒಯ್ಯುವಂತೆಯೂ ಇರಬೇಕು. ಇಲ್ಲಿ ಕೊಡುವ ಅಳತೆಗಳು ಯೋಚನೆಗೆ ಆಧಾರವಾಗಲೆಂದು ಕೊಟ್ಟವು. ಕಟ್ಟುವ ಮೊದಲು ನಿಮ್ಮ ಜಾಗ ಮತ್ತು ನಿಮಗೆ ಸಿಕ್ಕ ಮರವನ್ನು ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಲೆಕ್ಕ ಹಾಕಲೇಬೇಕು. ಮರದ ರಚನೆಗೆ ಭಾರತೀಯ ಮಾನಕ ಐಎಸ್ 883 ಇದೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮರ ಮತ್ತು ಬಿದಿರಿಗೆ ಪ್ರತ್ಯೇಕ ವಿಭಾಗವಿದೆ. ಆದ್ದರಿಂದ ಮರದ ಮನೆಗೆ ಲೆಕ್ಕವಿಲ್ಲ ಎಂದು ಯಾರಾದರೂ ಕೈಚೆಲ್ಲಿದರೆ ಒಪ್ಪಬೇಕಾಗಿಲ್ಲ.

ಅಂಕಣದ ಅಳತೆ ಎಲ್ಲಿಂದ ಬರಬೇಕು

ಹಿಂದಿನ ಅಂಕಣದ ಅಳತೆಯನ್ನು ಸಿಕ್ಕ ತೊಲೆಯ ಉದ್ದ ನಿರ್ಧರಿಸುತ್ತಿತ್ತು. ಇಂದು ಅದನ್ನು ನಿರ್ಧರಿಸಬೇಕಾದದ್ದು ಹಾಳೆಯ ಅಳತೆ. ಪ್ಲೈವುಡ್ ಮತ್ತು ಸಿಮೆಂಟ್ ಬೋರ್ಡ್‌ಗಳು ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲದ ಹಾಳೆಗಳಾಗಿ ಸಿಗುತ್ತವೆ. ಕೋಣೆಯನ್ನು 10 ಅಡಿ ಎಂದು ಮೊದಲೇ ತೀರ್ಮಾನಿಸಿದರೆ ಪ್ರತಿ ಗೋಡೆಗೂ ಒಂದು ಹಾಳೆಯನ್ನು ಅರ್ಧಕ್ಕೆ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ತುಂಡು ಮೂಲೆ ಸೇರುತ್ತದೆ, ಕತ್ತರಿಸಿದ ಅಂಚು ಮೊದಲ ಮಳೆಗಾಲದಲ್ಲೇ ನೀರು ಕುಡಿದು ಊದಿಕೊಳ್ಳುತ್ತದೆ, ಜೊತೆಗೆ ಆಚಾರಿಯ ಅರ್ಧ ದಿನ ಹೋಗುತ್ತದೆ. ಲಂಡನ್ನಿನಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ವಾಲ್ಟರ್ ಸೀಗಲ್ (1907–1985) ಇದೇ ಲೆಕ್ಕವನ್ನು ಹಿಡಿದು, ಅಂಗಡಿಯಲ್ಲಿ ಸಿಗುವ ಹಾಳೆಯನ್ನು ಕತ್ತರಿಸದೆ ಬಳಸುವ ಕಂಬ–ತೊಲೆಯ ವಿಧಾನವನ್ನು ರೂಪಿಸಿದರು. 1970ರ ದಶಕದ ಕೊನೆಯಿಂದ ಅಲ್ಲಿನ ಲೂಯಿಶಮ್ ಪ್ರದೇಶದಲ್ಲಿ, ಕಟ್ಟಡ ಕೆಲಸದ ಅನುಭವವೇ ಇಲ್ಲದ ಕುಟುಂಬಗಳು ಆ ವಿಧಾನದಲ್ಲಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡವು.

ಆದರೆ ಹಾಳೆ 8 ಅಡಿ ಇದೆಯೆಂದು ಕಂಬಗಳನ್ನು ನಡುವಿನಿಂದ ನಡುವಿಗೆ 8 ಅಡಿಗೆ ನಿಲ್ಲಿಸುವುದು ತಪ್ಪು, ಏಕೆಂದರೆ ಕಂಬದ ದಪ್ಪವೂ ಆ ಅಳತೆಯೊಳಗೇ ಸೇರಿಹೋಗಿ ಹಾಳೆ ಕಂಬಗಳ ನಡುವೆ ಕೂರುವುದಿಲ್ಲ. ನಾಲ್ಕಿಂಚಿನ ಚೌಕ ಕಂಬವಾದರೆ ಕಂಬದ ಮುಖದಿಂದ ಮುಂದಿನ ಕಂಬದ ಮುಖಕ್ಕೆ 8 ಅಡಿ ಅರ್ಧ ಇಂಚು ಬಿಡಬೇಕು. ಆ ಅರ್ಧ ಇಂಚು ಆಷಾಢದ ತೇವಕ್ಕೆ ಚೌಕಟ್ಟು ಹಿಗ್ಗಲು ಬಿಟ್ಟ ಜಾಗ. ಬಿಡದಿದ್ದರೆ ಏಪ್ರಿಲ್‌ನಲ್ಲಿ ಸಲೀಸಾಗಿ ಕೂತ ಪ್ಯಾನೆಲ್ (ಮರದ ಚೌಕಟ್ಟಿಗೆ ಹಾಳೆ ಬಡಿದು ಮಾಡಿದ ಗೋಡೆಯ ತುಂಡು) ಜುಲೈನಲ್ಲಿ ಬಿಚ್ಚಲು ಬರುವುದಿಲ್ಲ. ಈ ಲೆಕ್ಕದಲ್ಲಿ ಮೂರು ಅಂಕಣಗಳ ಒಳ ಉದ್ದ 25 ಅಡಿಗೆ ಎರಡೂವರೆ ಇಂಚು ಕಡಿಮೆಯಾಗುತ್ತದೆ. ಅಗಲವನ್ನು ಮೂರು ಹಾಳೆಯಷ್ಟು, ಅಂದರೆ 12 ಅಡಿ ಇಟ್ಟರೆ ಒಳಗೆ ಸುಮಾರು 28 ಚದರ ಮೀಟರ್ ಸಿಗುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕೆಂದು ಹೇಳುತ್ತದೆ. ನಮ್ಮ ಮೂರು ಅಂಕಣ ಅದಕ್ಕಿಂತ ತುಸು ದೊಡ್ಡದು.

ಪ್ರತಿ ಅಂಕಣದ ಗೋಡೆಗೆ 4 ಅಡಿ ಅಗಲ, 8 ಅಡಿ ಎತ್ತರದ ಎರಡು ಪ್ಯಾನೆಲ್‌ಗಳು. ಬಾಗಿಲಿನ ಪ್ಯಾನೆಲ್, ಕಿಟಕಿಯ ಪ್ಯಾನೆಲ್, ಮುಚ್ಚಿದ ಪ್ಯಾನೆಲ್ ಈ ಮೂರಕ್ಕೂ ಹೊರ ಅಳತೆ ಒಂದೇ ಆಗಿದ್ದರೆ ಇಂದಿನ ಕಿಟಕಿಯನ್ನು ನಾಳೆ ಬಾಗಿಲಾಗಿಸಲು ಗೋಡೆ ಒಡೆಯಬೇಕಾಗಿಲ್ಲ. ಭಾರವನ್ನೂ ಗಮನಿಸಬೇಕು. ಎರಡಿಂಚು–ಮೂರಿಂಚಿನ ಚೌಕಟ್ಟು ಸುಮಾರು 25 ಕಿಲೋ, 12 ಮಿ.ಮೀ. ಪ್ಲೈವುಡ್ ಹಾಳೆ ಸುಮಾರು 25 ಕಿಲೋ, ಸಿಮೆಂಟ್ ಬೋರ್ಡ್ ಆದರೆ ಇನ್ನೂ ಹೆಚ್ಚು. ಎರಡೂ ಬದಿ ಹಾಳೆ ಬಡಿದು ಎತ್ತಲು ಹೋದರೆ ನಾಲ್ವರು ಬೇಕಾಗುತ್ತಾರೆ. ಒಂದೇ ಬದಿ ಬಡಿದು, ನಿಲ್ಲಿಸಿ, ವೈರಿಂಗ್ ಪೈಪು ಎಳೆದು, ಒಳಬದಿಯನ್ನು ಕೊನೆಯಲ್ಲಿ ಸ್ಕ್ರೂ ಹಾಕಿ ಮುಚ್ಚಿದರೆ ಇಬ್ಬರು ಸಾಕು. ಅಗಲ ಕಡಿಮೆಯಿರುವ ತೋಟದ ದಾರಿಯಲ್ಲಿ ಪ್ಯಾನೆಲ್ ಹೊತ್ತು ಸಾಗಬೇಕಾದವರಿಗೆ ಇದರ ಬೆಲೆ ಗೊತ್ತು.

ಬೆಳವಣಿಗೆಯನ್ನು ನಿರ್ಧರಿಸುವುದು ಮಾಡು

ಪ್ಯಾನೆಲ್ ಬದಲಾಯಿಸುವುದು ಸುಲಭ. ಕಷ್ಟವಿರುವುದು ಮಾಡಿನಲ್ಲಿ, ಅಂದರೆ ಚಾವಣಿಯಲ್ಲಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಘಟ್ಟದ ಅಂಚಿನ ಊರುಗಳಲ್ಲಿ ಅದಕ್ಕೂ ಹೆಚ್ಚು. ಇಂಥ ಮಳೆಯಲ್ಲಿ ಹಳೆಯ ಮಾಡಿಗೆ ಅಡ್ಡಲಾಗಿ ಹೊಸ ಮಾಡನ್ನು ಕೂಡಿಸಿದರೆ, ಎರಡೂ ಸೇರುವ ತಗ್ಗಿನಲ್ಲಿ ಎರಡು ಮಾಡುಗಳ ನೀರೂ ನುಗ್ಗುತ್ತದೆ; ಎಲೆ ಬಿದ್ದು ಕಟ್ಟಿಕೊಂಡರೆ ಹೆಂಚಿನಡಿ ಹಿಂದಕ್ಕೆ ಹರಿದು ಪಕಾಸಿನ (ಮಾಡನ್ನು ಹೊರುವ ಓರೆ ಮರದ) ತುದಿಯನ್ನು ಕೊಳೆಸುತ್ತದೆ. ನನ್ನ ಮೊದಲ ವಿನ್ಯಾಸವೊಂದರಲ್ಲಿ ನಕ್ಷೆಯ ಚೆಂದಕ್ಕೆ ಸೋತು ಹೀಗೇ ಮಾಡಿದ್ದೆ. ಮೂರನೆಯ ಮಳೆಗಾಲಕ್ಕೆ ಆ ಮೂಲೆಯ ಪಕಾಸುಗಳನ್ನು ಬದಲಿಸಬೇಕಾಯಿತು. ಅಂದಿನಿಂದ ಬೆಳೆಯುವ ಮನೆಗೆ ನನ್ನದು ಒಂದೇ ನಿಯಮ: ಮಾಡಿನ ನೆತ್ತಿಯ ತೊಲೆ ಮನೆಯ ಉದ್ದಕ್ಕೆ ಓಡಬೇಕು, ಮನೆಯೂ ಅದೇ ದಿಕ್ಕಿಗೆ ಬೆಳೆಯಬೇಕು.

ಹಾಗೆ ಮಾಡಿದಾಗ ಬೆಳವಣಿಗೆ ಎಂದರೆ ತುದಿಯ ಗೋಡೆಯ ಪ್ಯಾನೆಲ್‌ಗಳನ್ನು ಬಿಚ್ಚಿ, ಮುಂದೆ ಎರಡು ಕಂಬ ನಿಲ್ಲಿಸಿ, ನೆತ್ತಿಯ ತೊಲೆ ಮತ್ತು ಗೋಡೆಯ ತಲೆಯ ಅಡ್ಡತೊಲೆಗಳನ್ನು ಮುಂದುವರಿಸಿ, ಬಿಚ್ಚಿದ ಅದೇ ಪ್ಯಾನೆಲ್‌ಗಳನ್ನು ಹೊಸ ತುದಿಗೆ ಕೂರಿಸುವುದು. ಇದಕ್ಕಾಗಿ ಮೊದಲ ದಿನವೇ ಮಾಡಬೇಕಾದ ಸಿದ್ಧತೆ ಸ್ವಲ್ಪವೇ. ಬೆಳೆಯುವ ತುದಿಯ ತೊಲೆಗಳನ್ನು ಕಂಬದಾಚೆ ಒಂದೂವರೆ ಅಡಿ ಚಾಚಿ ಬಿಟ್ಟು, ಮುಂದಿನ ಜೋಡಣೆಯ ಬೋಲ್ಟಿಗೆ ತೂತು ಕೊರೆದು, ಮರದ ಬೆಣೆ ಬಡಿದು ಮುಚ್ಚಿಡಬೇಕು. ಪಂಚಾಂಗವನ್ನು, ಅಂದರೆ ಅಡಿಪಾಯದ ಕಟ್ಟೆಯನ್ನು, ಮೂರರ ಬದಲು ನಾಲ್ಕು ಅಂಕಣಕ್ಕೆ ಕಟ್ಟಬೇಕು. ನಾಲ್ಕನೆಯದು ಸದ್ಯಕ್ಕೆ ಜಗಲಿ. ಅಡಿಕೆ ಸುಲಿಯಲು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು, ಬಂದವರು ಕೂರಲು ಅದು ಬೇಕೇಬೇಕು.

ಅಡುಗೆಮನೆ, ಬಚ್ಚಲು, ಶೌಚಾಲಯಗಳನ್ನು ಬೆಳೆಯದ ತುದಿಯಲ್ಲಿ ಒಟ್ಟಿಗೆ ಇಡಬೇಕು. ಈ ಒಂದು ಭಾಗವನ್ನು ಮರದಲ್ಲಿ ಮಾಡಬೇಕೆಂಬ ಹಟ ಬೇಡ. ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಹತ್ತಿರದಲ್ಲೇ ಸಿಗುವಾಗ ನೀರಿನ ಕೆಲಸಕ್ಕೆ ಅದೇ ಸರಿ. ಒಲೆಯ ಹಿಂದಿನ ಗೋಡೆ ಕಲ್ಲಿನದಾದರೆ ಬೆಂಕಿಯ ಚಿಂತೆಯೂ ಕಡಿಮೆಯಾಗುತ್ತದೆ. ಹಣ ಕಡಿಮೆಯಿದ್ದಾಗ ಮೊದಲು ಕಟ್ಟಬೇಕಾದದ್ದೂ ಈ ಕಠಿಣ ಭಾಗವನ್ನೇ. ಚಿಲಿ ದೇಶದ ಇಕೀಕೆ ಪಟ್ಟಣದಲ್ಲಿ 2004ರಲ್ಲಿ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಅವರ ತಂಡ 93 ಕುಟುಂಬಗಳಿಗೆ ಕಟ್ಟಿಕೊಟ್ಟದ್ದು ಅರ್ಧ ಮನೆಗಳನ್ನು: ಬಚ್ಚಲು, ಅಡುಗೆಮನೆ, ಮೆಟ್ಟಿಲು, ಗಟ್ಟಿ ಗೋಡೆಗಳಂಥ ಕಷ್ಟದ ಭಾಗವನ್ನು ಮುಗಿಸಿ, ಉಳಿದದ್ದನ್ನು ಕುಟುಂಬಗಳೇ ತುಂಬಿಕೊಳ್ಳಲು ಜಾಗ ಬಿಟ್ಟರು. ಅವು ಕಾಂಕ್ರೀಟಿನ ಮನೆಗಳು, ಇಕೀಕೆಯಲ್ಲಿ ಮಳೆ ಬೀಳುವುದೇ ಅಪರೂಪ. ಆದರೂ ಯಾವುದನ್ನು ಮೊದಲು ಕಟ್ಟಬೇಕು ಎಂಬ ಅವರ ಆಯ್ಕೆ ನಮಗೂ ಸಲ್ಲುತ್ತದೆ.

ಮಾಡಿನ ಇಳಿಜಾರು ಮಂಗಳೂರು ಹೆಂಚಿಗೆ 30ರಿಂದ 35 ಡಿಗ್ರಿ ಇರಲಿ. ಸೂರು ಗೋಡೆಯಿಂದ ಕನಿಷ್ಠ 3 ಅಡಿ ಆಚೆ ಬರಲಿ. ಹೆಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳ ಅಂತರವನ್ನು ಕಾಗದದಲ್ಲಿ ನಿಗದಿ ಮಾಡದೆ, ಬಂದ ಹೆಂಚುಗಳಲ್ಲಿ ನಾಲ್ಕೈದನ್ನು ನೆಲದ ಮೇಲೆ ಜೋಡಿಸಿ ಅಳತೆ ತೆಗೆದುಕೊಳ್ಳುವುದು ಒಳ್ಳೆಯದು. ಒಂದೊಂದು ಕಾರ್ಖಾನೆಯ ಹೆಂಚು ತುಸು ಬೇರೆ ಇರುತ್ತದೆ.

ಯಾವ ಮರ, ಎಷ್ಟು ಮರ

ಮೊದಲು ಕಾನೂನು. ಸ್ವಂತ ಜಾಗದ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕಾಗುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಅದನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನ ಬೆಟ್ಟದ ಮರಗಳು ಬೆಟ್ಟ ಅನುಭವಿಸುವವರ ಸೊತ್ತಲ್ಲ, ಸರ್ಕಾರದವು. ನೆಮ್ಮದಿಯ ದಾರಿಗಳು ಮೂರು: ಅರಣ್ಯ ಇಲಾಖೆಯ ನಾಟಾ ಡಿಪೋಗಳ ಹರಾಜು, ಬಿಲ್ಲು ಕೊಡುವ ಸಾಮಿಲ್, ಮತ್ತು ಬಿಚ್ಚಿದ ಹಳೆಯ ಮನೆಯ ಮರ. ನನ್ನ ಒಲವು ಮೂರನೆಯದರ ಕಡೆಗೆ. ಐವತ್ತು ವರ್ಷ ಒಣಗಿದ ಮತ್ತಿ ಅಥವಾ ಹೊನ್ನೆಯ ತೊಲೆ ಇನ್ನು ಸೊಟ್ಟಗಾಗುವುದಿಲ್ಲ. ಮೊಳೆಗಳನ್ನು ಕೀಳುವ ತಾಳ್ಮೆ ಮತ್ತು ಒರಲೆ (ಗೆದ್ದಲು) ತಿಂದ ತುದಿಯನ್ನು ಕತ್ತರಿಸಿ ಎಸೆಯುವ ಧೈರ್ಯ ಇದ್ದರೆ ಸಾಕು.

ಸಾಗುವಾನಿಯನ್ನು ಕಂಬ–ತೊಲೆಗೆ ಬಳಸುವುದು ಈ ಬಗೆಯ ಮನೆಯಲ್ಲಿ ಹಣವನ್ನು ಮಣ್ಣಿಗೆ ಹಾಕಿದಂತೆ. ಮತ್ತಿ, ನಂದಿ, ಕಿಂದಳ, ಹೊನ್ನೆಗಳು ಗಟ್ಟಿತನದಲ್ಲಿ ಈ ಕೆಲಸಕ್ಕೆ ಸಾಲುತ್ತವೆ. ನಮ್ಮ ಜಿಲ್ಲೆಯಲ್ಲಿ ಹೇರಳವಾಗಿ ನೆಟ್ಟಿರುವ ಅಕೇಶಿಯಾ ಅಗ್ಗವೆಂಬುದು ನಿಜ. ಆದರೆ ಅದು ನೇರವಾಗಿ ಬೆಳೆಯುವುದಿಲ್ಲ, ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ. ಪ್ಯಾನೆಲ್ಲಿನ ಗಿಡ್ಡ ಚೌಕಟ್ಟಿಗೆ, ನೆಲದ ಹಲಗೆಗೆ ಅದರ ಕೆಚ್ಚನ್ನು, ಅಂದರೆ ನಡುವಿನ ಗಟ್ಟಿ ಮರವನ್ನು, ಬಳಸಬಹುದು. ಕರಾವಳಿಯ ಗಾಳಿಮರ ಚಪ್ಪರದ ಕಂಬಕ್ಕೆ ಸರಿ, ಈ ಮನೆಯ ಕಂಬಕ್ಕೆ ಬೇಡ. ಒಳಗಿನ ತಾತ್ಕಾಲಿಕ ಅಡ್ಡಗೋಡೆಗೆ ಅಡಿಕೆ ಮರ ಸೀಳಿದ ದಬ್ಬೆಗಿಂತ ಅಗ್ಗವಾದದ್ದು ಇನ್ನೊಂದಿಲ್ಲ.

ಮರ ಉಳಿಯುವುದು ಅದನ್ನು ಹೇಗೆ ಸೀಳಿಸುತ್ತೀರಿ ಎಂಬುದರಲ್ಲಿ. ತೊಲೆಯ ಬಲ ಅದರ ಎತ್ತರದ ವರ್ಗಕ್ಕೆ ತಕ್ಕಂತೆ, ಬಾಗದಿರುವ ಗುಣ ಎತ್ತರದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಮೂರಿಂಚು–ಆರಿಂಚಿನ ತೊಲೆಯನ್ನು ಮಲಗಿಸುವ ಬದಲು ನಿಲ್ಲಿಸಿ ಇಟ್ಟರೆ ಬಲ ಎರಡು ಪಟ್ಟು, ಬಾಗು ನಾಲ್ಕನೇ ಒಂದು ಪಾಲು. ಇನ್ನೊಂದು ಹೋಲಿಕೆ ನೋಡಿ: 12 ಅಡಿ ಉದ್ದದ 3×7 ಇಂಚಿನ ತೊಲೆಗೆ 1.75 ಘನ ಅಡಿ ಮರ ಬೇಕು. ಅಷ್ಟೇ ಕಡಿಮೆ ಬಾಗುವ 2×8 ಇಂಚಿನ ತೊಲೆಗೆ 1.33 ಘನ ಅಡಿ ಸಾಕು. ಅಟ್ಟದ ನೆಲಕ್ಕೆ ಎರಡು ಅಡಿಗೊಂದರಂತೆ ಇಂಥ ತೊಲೆಗಳನ್ನಿಟ್ಟರೆ ಪ್ರತಿ ತೊಲೆಯಲ್ಲೂ ಸುಮಾರು ಕಾಲುಭಾಗ ಮರ ಉಳಿಯುತ್ತದೆ. ತೆಳ್ಳಗಿನ ತೊಲೆ ಮಗ್ಗುಲಿಗೆ ಹೊರಳದಂತೆ ನಡುನಡುವೆ ಅಡ್ಡ ತುಂಡುಗಳನ್ನು ಬಿಗಿಯಬೇಕು, ಅಷ್ಟೆ. ವಾಸದ ಮನೆಯ ನೆಲಕ್ಕೆ ಮಾನಕವು ಚದರ ಮೀಟರಿಗೆ 200 ಕಿಲೋ ಭಾರವನ್ನು ಹಿಡಿಯುತ್ತದೆ. ಅಡಿಕೆ ಚೀಲಗಳನ್ನು ಅಟ್ಟದಲ್ಲಿ ಒಟ್ಟುವ ಉದ್ದೇಶವಿದ್ದರೆ ಅದನ್ನು ಎಂಜಿನಿಯರರಿಗೆ ಮೊದಲೇ ಹೇಳಿ. ಈ ಮನೆಯ ವಿನ್ಯಾಸದಲ್ಲಿ 13 ಅಡಿಗಿಂತ ಉದ್ದದ ಒಂದು ತುಂಡೂ ಬೇಕಾಗುವುದಿಲ್ಲ ಎಂಬುದನ್ನೂ ಗಮನಿಸಿ. ಗಿಡ್ಡ ಮರಕ್ಕೆ ಹರಾಜಿನಲ್ಲಿ ಪೈಪೋಟಿ ಕಡಿಮೆ.

ಒಣಗಿಸುವ ವಿಷಯದಲ್ಲಿ ರಾಜಿ ಬೇಡ. ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಮರದಲ್ಲಿ ಬೇರೂರುವುದಿಲ್ಲ. ಒಂದಿಂಚಿನ ಹಲಗೆಗೆ ಒಂದು ಬೇಸಿಗೆ, ದಪ್ಪ ತೊಲೆಗೆ ಎರಡು ಬೇಸಿಗೆ, ನೆರಳಿನಲ್ಲಿ, ಗಾಳಿಯಾಡುವಂತೆ ನಡುವೆ ಪಟ್ಟಿಯಿಟ್ಟು ಪೇರಿಸಿಡಬೇಕು. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ತೊಲೆಯ ನಡುಭಾಗದಿಂದ ಒಂದು ಬಿಲ್ಲೆ ಕತ್ತರಿಸಿ ತೂಗಿ, ಓವನ್ನಿನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. 480 ಗ್ರಾಂ ಇದ್ದದ್ದು 400 ಗ್ರಾಮಿಗೆ ಇಳಿದರೆ, ಹೋದ 80 ಗ್ರಾಮನ್ನು ಒಣ ತೂಕದಿಂದ ಭಾಗಿಸಿದಾಗ ತೇವ ಶೇಕಡಾ 20 ಎಂದಾಯಿತು.

ಬುಡ, ಜೋಡಣೆ, ಗಾಳಿ

ಕಂಬವನ್ನು ಎಂದೂ ಕಾಂಕ್ರೀಟಿನೊಳಗೆ ಹೂಳಬಾರದು. ನೀರು ಇಳಿದು ನಿಲ್ಲುವ ಬಟ್ಟಲನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ. ನಮ್ಮ ಹಳೆಯ ಮನೆಗಳ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರುವುದು ಶೋಭೆಗಲ್ಲ. ಇಂದು ಅದೇ ಕೆಲಸವನ್ನು ಕಬ್ಬಿಣದ ಪಾದ ಮಾಡುತ್ತದೆ: ಎರಡು ಅಡಿ ಎತ್ತರದ ಪಂಚಾಂಗದ ಮೇಲೆ ಬೋಲ್ಟು ಹಾಕಿ ಬಿಗಿದ, ಕಂಬದ ಬುಡವನ್ನು ಇನ್ನೂ ಕೆಲವು ಇಂಚು ಮೇಲೆತ್ತಿ ಹಿಡಿಯುವ ಪಾದ. ಆ ಖಾಲಿ ಜಾಗವನ್ನು ಸಿಮೆಂಟಿನಿಂದ ಮುಚ್ಚಲು ಮೇಸ್ತ್ರಿ ಒತ್ತಾಯಿಸುತ್ತಾರೆ; ಒಪ್ಪಬೇಡಿ. ಒರಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೆ ಕಣ್ಣಿಗೆ ಕಾಣುವುದು ಆ ಸಂದಿನಲ್ಲೇ.

ಮುಖ್ಯ ಜೋಡಣೆಗಳೆಲ್ಲ ಬೋಲ್ಟಿನವಾಗಿರಲಿ, ಮೊಳೆ ಬೇಡ. ಸಮುದ್ರದ ಉಪ್ಪುಗಾಳಿ ತಾಗುವ ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಬಿಸಿ ಸತುವಿನಲ್ಲಿ ಅದ್ದಿದ ಬೋಲ್ಟು, ತೀರಕ್ಕೆ ತೀರ ಹತ್ತಿರವಾದರೆ ಸ್ಟೇನ್‌ಲೆಸ್ ಸ್ಟೀಲು. ಮರ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು, ಅಡ್ಡಕ್ಕೆ ಕುಗ್ಗುತ್ತದೆ. ಆದ್ದರಿಂದ ಅಗಲವಾದ ತೊಲೆಯನ್ನು ಮೇಲೊಂದು ಕೆಳಗೊಂದು ಬೋಲ್ಟಿನಿಂದ ಹಿಡಿಯುವಾಗ ಒಂದರ ತೂತನ್ನು ತುಸು ಉದ್ದವಾಗಿ ಕೊರೆಯದಿದ್ದರೆ ತೊಲೆ ನಡುವೆ ಸೀಳುತ್ತದೆ. ದೊಡ್ಡ ವಾಷರ್ ಮರೆಯಬೇಡಿ.

ಈಗ, ಬಿಚ್ಚಿ ಜೋಡಿಸುವ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪಿನ ಬಗ್ಗೆ. ಪ್ಯಾನೆಲ್ ಬಡಿದ ಮೇಲೆ ಚೌಕಟ್ಟು ಅಲುಗಾಡುವುದು ನಿಲ್ಲುತ್ತದೆ, ಆದ್ದರಿಂದ ಓರೆ ಆಸರೆ ಬೇಡವೆಂದು ಎಲ್ಲರಿಗೂ ಅನಿಸುತ್ತದೆ. ನಾಲ್ಕು ವರ್ಷದ ನಂತರ ಕಿಟಕಿ ದೊಡ್ಡದು ಮಾಡಲು ಎರಡು ಪ್ಯಾನೆಲ್ ತೆಗೆದಾಗ ಮನೆಯನ್ನು ನೆಟ್ಟಗೆ ಹಿಡಿದದ್ದೂ ಅವುಗಳ ಜೊತೆ ಹೋಗುತ್ತದೆ. ಬಿಚ್ಚಬಹುದಾದ ಪ್ಯಾನೆಲ್ಲಿನ ಮೇಲೆ ಮನೆಯ ನಿಲುವನ್ನು ಹೊರಿಸಬಾರದು. ಎರಡೂ ದಿಕ್ಕಿನಲ್ಲಿ, ಕನಿಷ್ಠ ಎರಡೆರಡು ಕಡೆ, ಕಂಬಗಳ ನಡುವೆ ಶಾಶ್ವತ ಓರೆ ಆಸರೆ ಇರಬೇಕು. ನೀರಿನ ಭಾಗದ ಚಿರೆಕಲ್ಲಿನ ಗೋಡೆಗಳನ್ನೂ ಎಂಜಿನಿಯರರ ಲೆಕ್ಕದಂತೆ ಇದಕ್ಕೆ ಬಳಸಿಕೊಳ್ಳಬಹುದು. ಆಸರೆಯಿರುವ ಜಾಗಕ್ಕೆ ನಾನು ಕೆಂಪು ಬಣ್ಣ ಬಳಿಸುತ್ತೇನೆ.

ಗಾಳಿ ಮೇಲಕ್ಕೆತ್ತದಂತೆ ಮಾಡನ್ನು ಕೆಳಕ್ಕೆ ಕಟ್ಟಿಹಾಕುವುದು ಅಷ್ಟೇ ಮುಖ್ಯ. ಮಾನಕದ ನಕ್ಷೆಯಲ್ಲಿ ಮಂಗಳೂರಿಗೂ ಪಣಜಿಗೂ ಕೊಟ್ಟ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 90 ಕಿಲೋದಷ್ಟು. ರೀಪು ಸಹಿತ ಹೆಂಚಿನ ಮಾಡು ಚದರ ಮೀಟರಿಗೆ ಸುಮಾರು 65 ಕಿಲೋ ತೂಗಿದರೆ, ತಗಡಿನ ಹಾಳೆ ಐದಾರು ಕಿಲೋ ಮಾತ್ರ. ಹಣ ಉಳಿಸಲು ತಗಡು ಹಾಕುವವರು ಪಕಾಸಿನಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಪಂಚಾಂಗಕ್ಕೆ ಕಬ್ಬಿಣದ ಪಟ್ಟಿಯ ಸರಪಳಿ ಎಲ್ಲೂ ತುಂಡಾಗದಂತೆ ನೋಡಿಕೊಳ್ಳಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರದ ಪಕ್ಕದಲ್ಲಿ ಹಾದುಹೋದದ್ದು ಮರೆಯುವಷ್ಟು ಹಳೆಯದಲ್ಲ.

ಜಾಗದ ಬಗ್ಗೆ ಒಂದು ಮಾತು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಕಂಡ ಮೇಲೆ, ಮನೆ ಹಗುರವಾಗಿದೆ ಎಂಬ ಕಾರಣಕ್ಕೆ ಗುಡ್ಡದ ಬುಡವನ್ನು ಕಡಿದು ಕಟ್ಟಲು ಯಾರೂ ಹೊರಡಬಾರದು. ತೀರದ ಬಳಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮಗಳು ಮರದ ಮನೆಗೂ ಅನ್ವಯಿಸುತ್ತವೆ.

ಹೊರಮೈ ಮತ್ತು ಬೆಂಕಿ

ಮಳೆ ಹೊಡೆಯುವುದು ನೈಋತ್ಯದಿಂದ. ದಕ್ಷಿಣ, ಪಶ್ಚಿಮದ ಎರಡು ಬದಿಗಳಲ್ಲಿ ಪ್ಯಾನೆಲ್ಲಿನ ಮೇಲೆ ಮುಕ್ಕಾಲು ಇಂಚಿನ ಪಟ್ಟಿ ಬಡಿದು, ಅದರ ಮೇಲೆ ಹಲಗೆಗಳನ್ನು ಒಂದರ ಮೇಲೊಂದು ಹೊದೆಯುವಂತೆ ಹೊಡೆಯಬೇಕು. ಹಲಗೆ ದಾಟಿದ ನೀರು ಆ ಸಂದಿನಲ್ಲಿ ಇಳಿದುಹೋಗುತ್ತದೆ, ಗಾಳಿ ಅದನ್ನು ಒಣಗಿಸುತ್ತದೆ. ಜಡಿಮಳೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ದೀಪಾವಳಿಯ ಹೊತ್ತಿಗೆ ಬಿಚ್ಚುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಹೊಸ ಮನೆಯಲ್ಲೂ ಸೂರಿನಡಿ ನಾಲ್ಕು ಕೊಂಡಿ ಹಾಕಿಟ್ಟರೆ ಅದು ಮುಂದುವರಿಯುತ್ತದೆ. ಹೊರಗೆ ಬಳಸುವ ಪ್ಲೈವುಡ್ ಐಎಸ್ 710 (ನೀರು ತಾಳುವ ಮರೀನ್ ಪ್ಲೈ) ಗುರುತಿನದಾಗಿರಲಿ.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕೀಟಕ್ಕೆ ಒಳ್ಳೆಯ ಮದ್ದು, ಆದರೆ ಮಳೆ ತಾಗಿದರೆ ತೊಳೆದುಹೋಗುವುದರಿಂದ ಒಳಗಿನ ಮರಕ್ಕೆ ಮಾತ್ರ. ಹೊರಗಿನ ತುಂಡುಗಳಿಗೆ ಒತ್ತಡದಲ್ಲಿ ಸಂರಕ್ಷಕ ಹೊಗಿಸಿದ ಮರ ಬೇಕು. ಗೇರುಸಿಪ್ಪೆಯ ಎಣ್ಣೆ ಬಳಿಯುವುದು ಕರಾವಳಿಯ ಹಳೆಯ ರೂಢಿ, ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಬೇಕು. ಬೆಂಕಿಯ ವಿಷಯದಲ್ಲಿ ದಪ್ಪ ಮರದ ಭಯ ಅಷ್ಟು ಬೇಡ: ಅದು ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಕರಕಲಾಗುತ್ತ ಹೋಗುತ್ತದೆ, ಕರಕಲೇ ಒಳಗಿನದನ್ನು ಕಾಯುತ್ತದೆ. ಭಯ ಇರಬೇಕಾದದ್ದು ತೆಳು ಹಲಗೆ ಮತ್ತು ಕಳಪೆ ವೈರಿಂಗ್ ಬಗ್ಗೆ. ವೈರುಗಳೆಲ್ಲ ಪೈಪಿನೊಳಗೆ ಓಡಲಿ, ವಿದ್ಯುತ್ ಸೋರಿದರೆ ತಾನೇ ಕಡಿದುಹಾಕುವ ಇಎಲ್‌ಸಿಬಿ ಇರಲಿ.

ಕೆಲಸದ ಕ್ರಮ ಹೀಗಿರಲಿ: ಮರವನ್ನು ಕನಿಷ್ಠ ಒಂದು ವರ್ಷ ಮೊದಲು (ಹಸಿ ಮರದ ದಪ್ಪ ತೊಲೆಯಾದರೆ ಎರಡು ಬೇಸಿಗೆ ಸಿಗುವಷ್ಟು ಮೊದಲು) ಕೊಳ್ಳುವುದು, ಆ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲೋ ಚಪ್ಪರದಡಿಯಲ್ಲೋ ಪ್ಯಾನೆಲ್ ಚೌಕಟ್ಟುಗಳನ್ನು ಮಾಡಿ ಮುಗಿಸುವುದು, ದೀಪಾವಳಿ ಕಳೆದ ಮೇಲೆ ಪಂಚಾಂಗ, ಫೆಬ್ರವರಿ–ಮಾರ್ಚಿನಲ್ಲಿ ಕಂಬ ತೊಲೆ, ಮೃಗಶಿರಾ ಮಳೆ ಹಿಡಿಯುವ ಮೊದಲು ಮಾಡಿಗೆ ಹೆಂಚು. ಪ್ರತಿ ಪ್ಯಾನೆಲ್ ಮತ್ತು ತೊಲೆಗೆ ಉಳಿಯಲ್ಲಿ ಸಂಖ್ಯೆ ಕೆತ್ತಿ, ಅದೇ ಸಂಖ್ಯೆಗಳ ನಕ್ಷೆಯೊಂದನ್ನು ಮನೆಯ ಕಾಗದಪತ್ರಗಳ ಜೊತೆ ಇಡಬೇಕು. ಮೊದಲ ಬೇಸಿಗೆ ಕಳೆದಾಗ ಮರ ಒಣಗಿ ಇನ್ನಷ್ಟು ಕುಗ್ಗಿರುತ್ತದೆ; ಆಗ ಸ್ಪ್ಯಾನರ್ ಹಿಡಿದು ನಕ್ಷೆಯ ಪ್ರಕಾರ ಒಂದೊಂದೇ ಬೋಲ್ಟನ್ನು ಮತ್ತೊಮ್ಮೆ ಬಿಗಿಯಬೇಕು.